ಉಲ್ಟಾ ಗಾಡಿಯ ಕಿಟಕಿ ಸೀಟು

ಬೆಳಿಗ್ಗೆ ಎಂಟರ ಸುಮಾರಿಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ಆರಾಮಾಗಿ ಕೂತು ಹೋದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಲ್ಯಾಣದಲ್ಲೇ ತುಂಬಿ ಬರುವ ಗಾಡಿಯಲ್ಲಿ ಎರಡು ಕಾಲೂರಲು ಜಾಗ ಸಿಕ್ಕಿದರೆ ಪುಣ್ಯ. ಕೂತೇ ಹೋಗಬೇಕೆಂಬ ಹಟವಿದ್ದವರಿಗೆ ಒಂದೇ ದಾರಿ. ಮುಂಬಯಿ ಕಡೆ ಹೋಗಬೇಕಾದವರು ಮೊದಲು ಉಲ್ಟಾ ಕಲ್ಯಾಣಕ್ಕೆ ಹೋಗುವ ಗಾಡಿ ಹತ್ತಬೇಕು. ಹತ್ತು ನಿಮಿಷದಲ್ಲಿ ಕಲ್ಯಾಣ ಮುಟ್ಟಿ ಅದೇ ಗಾಡಿ ಮುಂಬಯಿಗೆ ವಾಪಸು ಹೊರಡುತ್ತದೆ. ಇಳಿಯದೆ ಕೂತಿದ್ದರೆ ಸೀಟು ನಮ್ಮದು. ಕಲ್ಯಾಣದ ಹೆಂಗಸರು ಹತ್ತುತ್ತಲೇ ‘ಇವರು ಆಗಲೇ ಬಂದು ಕೂತಾಯಿತು’ ಎಂದು ನಮಗೆ ಶಾಪ ಹಾಕುತ್ತಾರೆ, ನಾವು ಕೇಳಿಸದವರ ಹಾಗೆ ಕಿಟಕಿಯಾಚೆ ನೋಡುತ್ತೇವೆ.

ಠಾಣೆಯಿಂದ ಐರೋಲಿ ಕಡೆಗೆ ಗಾಡಿ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ಐರೋಲಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನನಗೆ ಕೆಲಸ, ಠಾಣೆಯಲ್ಲಿಳಿದು ಆ ಗಾಡಿ ಹಿಡಿಯಬೇಕು. ಗಂಡನ ಆಫೀಸು ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ, ಅವರು ಏಳಕ್ಕೆಲ್ಲ ಬಸ್ಸು ಹಿಡಿದು ಮಾಯ. ಮಗಳು ಎರಡನೇ ಕ್ಲಾಸು, ಅವಳ ಶಾಲೆಯ ಬಸ್ಸು ಏಳೂ ಮುಕ್ಕಾಲಿಗೆ. ನಾನು ಎಂಟರ ಗಾಡಿ ಹಿಡಿದಿದ್ದರೂ ಆಫೀಸಿಗೆ ಸಮಯಕ್ಕೆ ಸರಿಯಾಗಿ ತಲುಪುತ್ತಿದ್ದೆ. ಆದರೆ ಮನೆಯಿಂದ ಏಳೂ ಇಪ್ಪತ್ತಕ್ಕೇ ಹೊರಡುತ್ತಿದ್ದೆ.

ಯಾವ ಗಾಡಿ ಎಂದು ಗಂಡ ಒಮ್ಮೆ ಕೇಳಿದ್ದರು. ಏಳೂ ಮೂವತ್ತೆರಡರದ್ದು ಎಂದಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದು ಯಾವ ಕಡೆಗೆ ಹೋಗುತ್ತದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಿಟಕಿ ಪಕ್ಕ ಕೂತು ಏನು ಮಾಡುತ್ತಿದ್ದೆ ಎಂದರೆ, ನಿಜ ಹೇಳಬೇಕೆಂದರೆ, ಏನೂ ಇಲ್ಲ. ಬ್ಯಾಗಿನಲ್ಲಿ ಲೈಬ್ರರಿಯ ಕಾದಂಬರಿ ಇರುತ್ತಿತ್ತು. ಕೆಲವು ದಿನ ನಾಲ್ಕು ಪುಟ ಓದುತ್ತಿದ್ದೆ, ಕೆಲವು ದಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಮ್ಮನಿರುತ್ತಿದ್ದೆ. ಆ ಹೊತ್ತು ನಾನು ಯಾರ ಸೊಸೆಯೂ ಅಲ್ಲ, ಯಾರ ಟೀಮಿನವಳೂ ಅಲ್ಲ. ‘ಮಮ್ಮಾ, ನನ್ನ ಸಾಕ್ಸ್ ಎಲ್ಲಿ’ ಎನ್ನುವವರಿಲ್ಲ. ಅರ್ಧ ಗಂಟೆ ಕಳೆದು ಗಾಡಿ ಮತ್ತೆ ನನ್ನದೇ ಡೊಂಬಿವಲಿ ಸ್ಟೇಷನ್ನಿಗೆ ಬಂದು, ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುವುದನ್ನು ಕಿಟಕಿಯಿಂದ ನೋಡುವಾಗ ಒಳಗೊಳಗೇ ಖುಷಿಯಾಗುತ್ತಿತ್ತು. ಒಳ್ಳೆಯ ಗುಣವಲ್ಲ, ಒಪ್ಪಿಕೊಳ್ಳುತ್ತೇನೆ.

ಈ ಸುಖದಲ್ಲಿ ಚುಚ್ಚುವ ಮುಳ್ಳು ಒಂದಿತ್ತು, ನನ್ನ ಅತ್ತೆ. ಮಗಳಿಗೆ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ಬಸ್ಸು ಹತ್ತಿಸುವವರು ಅವರೇ. ಉಡುಪಿ ಕಡೆಯವರು, ಮಗನ ಜೊತೆ ತುಳು, ಮೈಸೂರಿನ ಸೊಸೆಯ ಜೊತೆ ಕನ್ನಡ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು.

“ಬೆಳಿಗ್ಗೆ ಸೀಟು ಸಿಕ್ಕಿತಾ?”

ಸಿಕ್ಕಿತು ಎಂದರೆ ಗುಟ್ಟು ರಟ್ಟಾದಂತೆ. ಡೊಂಬಿವಲಿಯಲ್ಲಿ ಸೀಟು ಸಿಗುವುದಿಲ್ಲವೆಂಬುದು ಅವರಿಗೂ ಗೊತ್ತು. “ಎಲ್ಲಿ ಅತ್ತೆ, ನಿಂತೇ ಹೋದೆ” ಎನ್ನುತ್ತಿದ್ದೆ.

“ಪಾಪ, ನಿಂತು ನಿಂತು ನಿನ್ನ ಕಾಲು ಎಂತ ಆಗ್ಬೇಕು ಮಾರಾಯ್ತಿ!” ಎಂದು ಒಂದು ಬಟ್ಟಲಲ್ಲಿ ತೆಂಗಿನೆಣ್ಣೆ ಬಿಸಿ ಮಾಡಿ ತಂದಿಡುತ್ತಿದ್ದರು. ಏನೂ ಆಗದ ಕಾಲುಗಳಿಗೆ ನಾನು ಆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಎರಡು ವರ್ಷ ಹಚ್ಚಿಕೊಂಡೆ. ಆ ಅರ್ಧ ಗಂಟೆ ಬರೀ ನನಗಾಗಿ ಬೇಕು ಎನ್ನಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಅದು ಕೈತಪ್ಪಿ ಹೋಗುತ್ತದೆ ಎಂಬ ಹೆದರಿಕೆ.

ಒಂದು ದಿನ ಶಾಲೆಗೆ ರಜೆ, ನನಗೆ ಮಾತ್ರ ಆಫೀಸು. ಕಲ್ಯಾಣದ ನೆಂಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅತ್ತೆ ಮೊಮ್ಮಗಳನ್ನು ಕರೆದುಕೊಂಡು ಹತ್ತು ಗಂಟೆಗೆ ಹೋಗುವವರಿದ್ದರು. ನಾನು ಮನೆ ಬಿಟ್ಟ ಕೂಡಲೇ ಅಲ್ಲಿಂದ ಫೋನ್ ಬಂತಂತೆ, ಪ್ರಸಾದ ಮಾಡಲು ನಿಮ್ಮ ಕೈಯೇ ಬೇಕು, ಬೇಗ ಬನ್ನಿ ಎಂದು. ನನ್ನ ಗ್ರಹಚಾರಕ್ಕೆ ಅವತ್ತೇ ಗಾಡಿ ಹದಿನೈದು ನಿಮಿಷ ತಡ. ನಾನು ಹತ್ತಿ, ಕಿಟಕಿ ಪಕ್ಕ ಕೂತು, ಪುಸ್ತಕ ತೆಗೆಯುವಷ್ಟರಲ್ಲಿ ಅದೇ ಲೇಡೀಸ್ ಬೋಗಿಗೆ ರೇಷ್ಮೆ ಸೀರೆಯೊಂದು ಏದುಸಿರು ಬಿಡುತ್ತಾ ನುಗ್ಗಿತು. ಕೈಯಲ್ಲಿ ನನ್ನ ಮಗಳು.

“ಅಯ್ಯೋ ದೇವರೇ!” ಅತ್ತೆ ಗಾಬರಿಯಾದರು. “ಗಡಿಬಿಡಿಯಲ್ಲಿ ಉಲ್ಟಾ ಗಾಡಿ ಹತ್ತಿದ್ದೀಯಲ್ಲಾ! ಇದು ಕಲ್ಯಾಣಕ್ಕೆ ಹೋಗುದು ಮಾರಾಯ್ತಿ!”

ಹೌದು ಅತ್ತೆ, ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಎದುರು ಸೀಟಿನಲ್ಲಿ ದಿನವೂ ಕೂರುವ, ಹಸಿ ಬಟಾಣಿ ಸುಲಿಯುತ್ತಿದ್ದ ಹೆಂಗಸು ಸಹಾಯಕ್ಕೆ ಬಂದಳು.

“ನಹೀ ಆಂಟೀ, ಗಲತ್ ನಹೀ. ಯೇ ತೋ ರೋಜ್ ಆತೀ ಹೈ. ಯೇ ಖಿಡ್ಕೀ ಇನ್ಕೀ ಹೀ ಹೈ.”

ದಿನಾ ಬರುತ್ತಾಳೆ, ಕಿಟಕಿಯೂ ಇವಳದ್ದೇ. ಇನ್ನೇನು ಉಳಿಯಿತು? ಸೀಟು ಬಿಟ್ಟುಕೊಟ್ಟು ಅತ್ತೆಯನ್ನು ಕೂರಿಸಿ, ನಿಂತುಕೊಂಡೇ ಎಲ್ಲ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ.

“ಅಂದ್ರೆ, ದಿನಾ ಕೂತೇ ಹೋಗುದಾ ನೀನು?” ಎಂದರು ಅತ್ತೆ.

“ಹೂಂ ಅತ್ತೆ.”

“ಠಾಣೆವರೆಗೂ?”

“ಹೂಂ.”

ಅವರು ನಿಟ್ಟುಸಿರು ಬಿಟ್ಟು ಕೈ ಮುಗಿದರು. “ದೇವರು ದೊಡ್ಡವ. ನಿನಗೆ ಸೀಟು ಸಿಗ್ಲಿ ಅಂತ ದಿನಾ ಒಂದು ಬತ್ತಿ ಹೆಚ್ಚಿಗೆ ಇಡ್ತಿದ್ದೆ. ಇವ ಕೇಳುದೇ ಇಲ್ಲ ಅಂತ ಬೇಜಾರಾಗಿತ್ತು ನಂಗೆ.”

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಎಣ್ಣೆಯ ವಿಷಯ ಅವರು ಎತ್ತಲೇ ಇಲ್ಲ. ಎತ್ತಿ ನಾಲ್ಕು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕೇಳಬೇಕಾದ್ದನ್ನು ಕೇಳಿದವಳು ಮಗಳು. ಮನೆಯಲ್ಲಿ ನಾವು ಕನ್ನಡ ಆಡಿದರೆ ಅವಳ ಉತ್ತರ ಹೆಚ್ಚಾಗಿ ಮರಾಠಿಯಲ್ಲಿ. “ಮಗ್ ಮಲಾ ಬಸ್‌ಲಾ ಸೋಡಾಯ್ಲಾ ಕಾ ನಾಹೀ ಯೇತ್?” ಎಂದಳು. ಹಾಗಿದ್ದರೆ ನನ್ನನ್ನು ಬಸ್ಸಿಗೆ ಬಿಡಲು ಯಾಕೆ ಬರುವುದಿಲ್ಲ? ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಲೆಕ್ಕ ತಾಳೆಯಾಗದ ಗೊಂದಲ. ಕಲ್ಯಾಣ ಬಂತು. ಅವರಿಬ್ಬರೂ ಇಳಿದರು. ನಾನು ಮತ್ತೆ ನನ್ನ ಜಾಗದಲ್ಲಿ ಕೂತೆ. ಅವತ್ತು ಠಾಣೆಯವರೆಗೂ ಕಿಟಕಿ ಇದ್ದೂ ಇಲ್ಲದ ಹಾಗಿತ್ತು.

ಸಂಜೆ ಅತ್ತೆಯ ಹತ್ತಿರ ಹೋಗಿ, ನಾಳೆಯಿಂದ ಉಲ್ಟಾ ಗಾಡಿ ಬಿಡುತ್ತೇನೆ, ಮಗಳನ್ನು ನಾನೇ ಬಸ್ಸು ಹತ್ತಿಸುತ್ತೇನೆ ಎಂದೆ. ಅವರು ಕೊತ್ತಂಬರಿ ಬಿಡಿಸುತ್ತಿದ್ದರು.

“ಪೂರಾ ಬಿಡುದು ಎಂತಕ್ಕೆ? ಆಮೇಲೆ ಆ ಸಿಟ್ಟು ನಮ್ಮ ಮೇಲೇ ತೆಗೀತಿ ನೀನು. ವಾರಕ್ಕೆ ಎರಡು ದಿನ ಮಾಡು, ಸಾಕು ಅವಳಿಗೆ.” ಕೈ ನಿಲ್ಲಿಸಿ ಸ್ವಲ್ಪ ಯೋಚಿಸಿದರು. “ಆ ಎರಡು ದಿನ ನನ್ನನ್ನು ಎಂಟು ಗಂಟೆವರೆಗೆ ಯಾರೂ ಕರೀಬಾರ್ದು.”

ಎರಡು ವರ್ಷದಿಂದ ಅವರಿಗೂ ಒಂದು ಅರ್ಧ ಗಂಟೆ ಬೇಕಿತ್ತು ಎಂದು ನನಗೆ ಹೊಳೆದದ್ದು ಆಗಲೇ. ಅದನ್ನು ನಾನೇ ತಿಂದಿದ್ದೆ.

ಸೋಮವಾರ, ಗುರುವಾರ ನನ್ನ ಪಾಳಿ. ಮೊದಲ ದಿನ ನಾನು ಹಾಕಿದ ಜಡೆ ಲಿಫ್ಟಿನಲ್ಲೇ ಬಿಚ್ಚಿಕೊಂಡಿತು. ಅಜ್ಜಿಯ ಜಡೆಯೇ ಚೆನ್ನಾಗಿರುತ್ತದೆ ಎಂದು ಮಗಳು ಮುಲಾಜಿಲ್ಲದೆ ಹೇಳಿದಳು. ಆದರೂ ಬಸ್ಸಿನ ಹಿಂದಿನ ಕಿಟಕಿಗೆ ಮೂಗು ಒತ್ತಿ, ಬಸ್ಸು ತಿರುಗುವವರೆಗೂ ಕೈ ಬೀಸಿದಳು. ಆ ಸಂತೋಷ ಇಟ್ಟುಕೊಂಡು ಎಂಟರ ಗಾಡಿಗೆ ನುಗ್ಗಿದೆ. ಯಾರದೋ ಮೊಣಕೈ ಪಕ್ಕೆಗೆ, ಯಾರದೋ ಊಟದ ಡಬ್ಬಿ ಬೆನ್ನಿಗೆ. ಎರಡು ವರ್ಷ ಸುಖ ಕಂಡ ಕಾಲುಗಳು ದಿವಾ ಸ್ಟೇಷನ್ ದಾಟುವ ಮೊದಲೇ ಅಳತೊಡಗಿದವು.

ಸಂಜೆ ಚಪ್ಪಲಿ ಬಿಡುವಾಗ ಅತ್ತೆ ಎಂದಿನಂತೆ ಕೇಳಿದರು. “ಸೀಟು ಸಿಕ್ಕಿತಾ?”

ದೇವರ ಮುಂದೆ ಎರಡು ಬತ್ತಿ ಉರಿಯುತ್ತಿದ್ದವು. ಊದಿಕೊಂಡ ಪಾದಗಳನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡೆ.

“ಸಿಕ್ತು ಅತ್ತೆ. ಕಿಟಕಿ ಪಕ್ಕದ್ದೇ.”

“ಒಳ್ಳೇದಾಯ್ತು” ಎಂದು ಅತ್ತೆ ಎದ್ದರು. ಅಡುಗೆಮನೆಗೆ ಹೋಗಿ ಎಣ್ಣೆ ಬಿಸಿಗಿಟ್ಟರು.