ಘಟ್ಟದ ಮೇಲೆ ಅತ್ತೆಯ ತಿಥಿ

ಅತ್ತೆಯ ತಿಥಿಗೆ ವಡೆ ಕರಿಯುತ್ತಿದ್ದೆ, ಫೋನು ಬಂತು. ಮಡಿಯುಟ್ಟವಳು ಮುಟ್ಟುವಂತಿಲ್ಲ. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ರಸ್ತೆ ಮುಚ್ಚಿದ್ದಾರೆ ಕಣೇ. ಇವತ್ತು ಇಳಿಯೋಕಾಗಲ್ಲ," ಅಂದರು ನಮ್ಮ ಯಜಮಾನರು.

ಈ ದೇಶದಲ್ಲಿ ಅವರ ಕೆಲಸವೇ ರಸ್ತೆ ನೋಡುವುದು. ಚಳಿಗಾಲದಲ್ಲಿ ತಾಹೋ ಕಡೆಯ ಘಟ್ಟದ ರಸ್ತೆಗೆ ಯಾವಾಗ ಉಪ್ಪು ಹಾಕಬೇಕು, ಯಾವಾಗ ಹಿಮ ತಳ್ಳುವ ಲಾರಿ ಕಳಿಸಬೇಕು ಅಂತ ತಿಳಿಯುವುದಕ್ಕೆ ಅಲ್ಲಲ್ಲಿ ಕಂಬ ನೆಟ್ಟಿದ್ದಾರೆ. ಅವು ಗಾಳಿ, ಹಿಮ ಅಳೆಯುತ್ತವೆ. ರಸ್ತೆಯೊಳಗೇ ಹೂತಿಟ್ಟ ಒಂದು ಬಿಲ್ಲೆ, ರಸ್ತೆಯ ಮೈ ಎಷ್ಟು ತಣ್ಣಗಿದೆ ಅಂತ ಹೇಳುತ್ತದೆ. ದಿನವೂ ಇವರು ಅಲ್ಲಿಂದ ನಾಲ್ಕು ಗಂಟೆ ದೂರದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಕೂತು ಅದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ನೋಡುತ್ತಾರೆ. ಹಿಂದಿನ ದಿನ ಒಂದು ಬಿಲ್ಲೆ ಸುದ್ದಿ ಕಳಿಸುವುದು ನಿಲ್ಲಿಸಿತು. ಹಿಮದ ಬಿರುಗಾಳಿ ಬರುವ ಮುಂಚೆ ಸರಿಮಾಡಿ ವಾಪಸು ಬಂದುಬಿಡುತ್ತೇನೆ ಅಂತ ಹೋದರು. ಬಿರುಗಾಳಿ ಕಾಯಲಿಲ್ಲ.

ಅತ್ತೆಗೆ ಅವರೊಬ್ಬರೇ ಮಗ. ತಿಥಿ ಅವರೇ ಮಾಡಬೇಕು. ಇಲ್ಲದಿದ್ದರೆ ಅತ್ತೆ ಹಸಿದುಕೊಂಡೇ ಇರುತ್ತಾರೆ ಅಂತ ನಾನು ನಂಬಿದವಳು.

"ರೀ, ರಸ್ತೆ ಹೇಗಿದೆ ಅಂತ ಹೇಳೋರು ನೀವೇ ತಾನೇ? ಸರಿಯಾಗಿದೆ ಅಂದ್ಬಿಡಿ."

ನಕ್ಕರು. "ಗಾಳಿ ಬೆಚ್ಚಗಾಗಿದೆ, ರಸ್ತೆ ಇನ್ನೂ ಹೆಪ್ಪುಗಟ್ಟಿ ಗಾಜಿನ ಥರ ಜಾರ್ತಿದೆ. ನಾನು ಸುಳ್ಳು ಹೇಳಿದ್ರೆ ಇನ್ನೆಷ್ಟು ಮನೇಲಿ ತಿಥಿ ಆಗ್ಬೇಕೋ?"

ಬಾಣಲೆಯ ವಡೆ ತಿರುವಿ ಹಾಕಿದೆ.

ಹಾಲಿನಲ್ಲಿ ದರ್ಭೆ ಬಿಡಿಸುತ್ತಿದ್ದ ಪುರೋಹಿತರು ಎದ್ದು ಬಂದರು. ಊರಿಂದ ಬಂದು ಇನ್ನೂ ವರ್ಷವಾಗದ ಹುಡುಗುಮುಖದವರು. ಫೋನಿಗೆ ಬಗ್ಗಿ, "ಅಲ್ಲೇ ತರ್ಪಣ ಬಿಡಿ ಸ್ವಾಮಿ. ಎಳ್ಳು, ನೀರು ಇದ್ರೆ ಸಾಕು," ಅಂದರು.

"ನೀರಿಗೆ ಹಿಮ ಬೇಕಾದಷ್ಟಿದೆ. ಎಳ್ಳೆಲ್ಲಿ ತರಲಿ? ಇರಿ, ಇರಿ. ನನ್ನ ಜೊತೆಯವನ ಹತ್ರ ಬೇಗಲ್ ಇದೆ. ಮೇಲೆ ಎಳ್ಳು ಉದುರಿಸಿರೋದು."

ಪುರೋಹಿತರು ನನ್ನ ಮುಖ ನೋಡಿದರು. "ಉದ್ದಿನವಡೆ ಥರ ನಡುವೆ ತೂತಿರೋ ಬ್ರೆಡ್ಡು," ಅಂದೆ.

"ಮೊಟ್ಟೆ ಸವರಿಲ್ಲ ತಾನೇ?" ಅಂತ ಅವರು ಫೋನಿಗೆ ಕೇಳಿದರು.

ಅತ್ತ ಇಂಗ್ಲಿಷಿನಲ್ಲಿ ವಿಚಾರಣೆ ನಡೆಯಿತು. ಜೊತೆಯವನು ಜೋರಾಗಿ ನಕ್ಕಿದ್ದು ಕೇಳಿಸಿತು. "ಇಲ್ವಂತೆ. ನೀರಲ್ಲಿ ಬೇಯಿಸಿ ಆಮೇಲೆ ಸುಡೋದಂತೆ."

ಪುರೋಹಿತರು ಮತ್ತೆ ಫೋನಿಗೆ ಬಗ್ಗಿದರು. "ಆಪತ್ಕಾಲಕ್ಕೆ ನಡೆಯುತ್ತೆ. ಎಳ್ಳು ಬಿಡಿಸ್ಕೊಳ್ಳಿ. ದಕ್ಷಿಣ ಯಾವ ಕಡೆ, ಗೊತ್ತಾಗುತ್ತಾ?"

"ಗಾಳಿ ಯಾವ ದಿಕ್ಕಿಂದ ಬೀಸುತ್ತೆ ಅಂತ ನೋಡಿಯೇ ಅನ್ನ ತಿನ್ನೋನು ನಾನು!"

ಇಲ್ಲಿಂದ ಮಂತ್ರ ಹೋಯಿತು, ಅಲ್ಲಿಂದ ಗಾಳಿಯ ಸದ್ದು ಬಂತು. ಅತ್ತೆಯ ಹೆಸರು ಹೇಳುವಾಗ ನಮ್ಮ ಯಜಮಾನರ ದನಿ ನಡುಗಿತು. ಚಳಿಗೋ ಏನೋ, ನಾನು ಕೇಳಲಿಲ್ಲ. ಮುಗಿಯುವವರೆಗೂ ಫೋನು ಕಟ್ಟಾಗಲಿಲ್ಲ, ದೇವರು ದೊಡ್ಡವನು. ಆ ಪುಣ್ಯಾತ್ಮ ಬೆಳಿಗ್ಗೆಯೇ ಬೇಗಲ್ ತಿಂದು ಮುಗಿಸಿರಲಿಲ್ಲ, ಅದೂ ದೇವರ ದಯೆಯೇ.

ಪುರೋಹಿತರಿಗೆ ಇನ್ನೊಂದು ಮನೆಗೆ ಹೋಗುವುದಿತ್ತು. ಅಕ್ಕಿ, ಬೇಳೆ, ತರಕಾರಿ ದಾನ ತೆಗೆದುಕೊಂಡು ಹೊರಟರು. ಬರ್ಕ್ಲಿಯಲ್ಲಿ ಓದುವ ಮಗಳಿಗೆ ಫೋನು ಮಾಡಿ ಊಟಕ್ಕೆ ಕರೆದೆ. "ಸಾರಿ ಅಮ್ಮಾ, ಐ ಹ್ಯಾವ್ ಲ್ಯಾಬ್. ಅಪ್ಪ ಓಕೆನಾ?" ಅಂದಳು. ಓಕೆ ಅಂದೆ.

ಬಾಲ್ಕನಿಯಲ್ಲಿ ಎಲೆ ಇಟ್ಟೆ. ಈ ಊರಿನ ಕಾಗೆಗಳು ದಷ್ಟಪುಷ್ಟ, ಯಾರಿಗೂ ಹೆದರುವುದಿಲ್ಲ. ಒಂದು ಬಂದು ವಡೆಯನ್ನೇ ಮೊದಲು ಎತ್ತಿತು. ಅತ್ತೆಗೂ ವಡೆ ಅಂದರೆ ಪ್ರಾಣ. ಕೈಮುಗಿದೆ.

ಆಮೇಲೆ ಅಷ್ಟೂ ಅಡುಗೆಯ ಮುಂದೆ ಒಬ್ಬಳೇ ಕೂತೆ. ಬಡಿಸುವವಳೂ ನಾನೇ, ಬೇಡ ಸಾಕು ಅನ್ನುವವಳೂ ನಾನೇ. ತಿಥಿಯೂಟ ಬಿಡಬಾರದು, ಪಾಯಸದವರೆಗೂ ಉಂಡು ಮುಗಿಸಿದೆ. ಅವರು ಅಲ್ಲಿ ಏನು ಉಂಡರೋ, ಎಳ್ಳು ಕಿತ್ತ ಆ ಬ್ರೆಡ್ಡನ್ನೇ ಹಂಚಿಕೊಂಡರೋ. ರಸ್ತೆಯ ಮೈ ಬಿಸಿಯಾಗುವವರೆಗೆ ಯಾರೂ ಏನೂ ಮಾಡುವಂತಿರಲಿಲ್ಲ.

ಎದ್ದು ಸೆರಗು ಸಿಕ್ಕಿಸಿ ಪಾತ್ರೆ ತಿಕ್ಕಲು ನಿಂತೆ.