ಹುಳುವಿಗೊಂದು ಕೋಣೆ, ಲ್ಯಾಪ್‌ಟಾಪಿಗೆ ಒಲೆಯ ಪಕ್ಕ

ಮದುವೆ ಆಲ್ಬಮ್ ಜೋಡಿಸುವವರ ಪಾಡು ಮದುವೆ ಮಾಡಿದವರಿಗೂ ಬೇಡ. ಶಿಡ್ಲಘಟ್ಟದ ಒಂದು ಸ್ಟುಡಿಯೋದವರು ಫೋಟೋ ಕಳಿಸುತ್ತಾರೆ, ನಾನು ಮೇಲೂರಿನ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಪುಟ ಮಾಡಿಕೊಡುತ್ತೇನೆ. ಕಳೆದ ಬೇಸಿಗೆಯಲ್ಲಿ ಅದು ಕೈಕೊಡಲು ಶುರುಮಾಡಿತು. ಒಂದು ಪುಟ ತೆರೆ ಅಂದರೆ ಅನ್ನಕ್ಕಿಟ್ಟು ಬಸಿದು ಬರುವಷ್ಟು ಹೊತ್ತು. ಕೆಲವು ಸಲ ಮದುಮಗಳ ಅರ್ಧ ಮುಖ ತೋರಿಸಿ ಹಾಗೇ ನಿಂತುಬಿಡುತ್ತಿತ್ತು, ನಾನು ಹಲ್ಲು ಕಡಿದುಕೊಂಡು ಕೂತಿರುತ್ತಿದ್ದೆ.

ಆಗ ಕೈಯಲ್ಲಿದ್ದದ್ದು ಚಿಂತಾಮಣಿಯ ಒಂದು ಮದುವೆ. ಹುಡುಗಿಯ ದೊಡ್ಡಮ್ಮ ದಿನಾ ಫೋನ್ ಮಾಡಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ತನ್ನ ಹೊಸ ಸೀರೆ ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಸ್ಟುಡಿಯೋದವರ ತಾಳ್ಮೆಯೂ ಮುಗಿಯಿತು. ಲ್ಯಾಪ್‌ಟಾಪು ನಿಧಾನ ಅಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕರು. ಆಮೇಲೆ ನಗದೆ ಹೇಳಿದರು, "ಇದೂ ತಡವಾದ್ರೆ ಗೌರಿಬಿದನೂರಲ್ಲಿ ಒಬ್ರಿದಾರೆ, ಕೆಲ್ಸ ಅವ್ರಿಗೆ ಕೊಟ್ಬಿಡ್ತೀನಿ ಕಣಮ್ಮ."

ಆ ಕೆಲಸ ಹೋದರೆ ನನಗೆ ಉಳಿಯುವುದು ಮನೆಯಲ್ಲಿ ಸಾಕುವ ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುವುದು. ಅದನ್ನೂ ಮಾಡುತ್ತೇನೆ, ಬೇಸರವಿಲ್ಲ. ಆದರೆ ಆ ಮನೆಯಲ್ಲಿ ನಾನೇ ಕಲಿತು ನಾನೇ ಕಟ್ಟಿಕೊಂಡದ್ದು ಅಂತ ಇದ್ದದ್ದು ಇದೊಂದೇ.

ತಪ್ಪು ಪ್ರೊಸೆಸರಿನದೇ ಎಂದು ತೀರ್ಮಾನಿಸಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಯಾವುದು ಎಷ್ಟು ವೇಗ, ಯಾವುದಕ್ಕೆ ಎಷ್ಟು ಬೆಲೆ ಎಂದು ತಲೆ ಕೆಡಿಸಿಕೊಂಡೆ. ಕೊನೆಗೆ ಬಸ್ಸು ಹತ್ತಿ ಚಿಕ್ಕಬಳ್ಳಾಪುರದ ಒಂದು ರಿಪೇರಿ ಅಂಗಡಿಗೆ ಹೋದೆ.

ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಒಂದನ್ನೇ ಕಿತ್ತು ಬದಲಿಸಲಿಕ್ಕಾಗುವುದಿಲ್ಲ, ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಇಡೀ ಬೋರ್ಡೇ ಬೇರೆ ಹಾಕಬೇಕು ಅಂದರು ಅಂಗಡಿಯವರು. ಅದಕ್ಕೆ ಹೇಳಿದ ಬೆಲೆಗೆ ಇಂಥದೇ ಇನ್ನೊಂದು ಹಳೆಯ ಲ್ಯಾಪ್‌ಟಾಪು ಬರುತ್ತಿತ್ತು. ಮೂಗಿಗಿಂತ ಮೂಗುತಿ ಭಾರ. ಆದರೂ ಕಷ್ಟ ತೋರಿಸೋಣವೆಂದು ಚಿಂತಾಮಣಿಯ ಆಲ್ಬಮ್ ತೆರೆದೆ. ಪುಟಗಳು ಒಂದರ ಹಿಂದೊಂದು ಸರಸರನೆ ತೆರೆದುಕೊಂಡವು. ಮನೆಯಲ್ಲಿ ಜ್ವರದಿಂದ ನರಳಿದ ಮಗು ಡಾಕ್ಟರ ಎದುರು ಆಡತೊಡಗಿದ ಹಾಗಾಯಿತು. ನಾಚಿಕೆಗಿಂತ ಹೆಚ್ಚಾಗಿ ಮೈ ಉರಿಯಿತು.

ಅಂಗಡಿಯಲ್ಲಿ ಎಸಿ ಓಡುತ್ತಿತ್ತು. ಮನೆಯಲ್ಲಿ ಎಲ್ಲಿಟ್ಟುಕೊಂಡು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಅಡುಗೆಮನೆಯಲ್ಲಿ ಅಂದೆ. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ಸುಟ್ಟುಹೋಗದಿರಲು ತಾನೇ ನಿಧಾನವಾಗುತ್ತದಂತೆ. ದೊಡ್ಡದು ಹಾಕಿದರೆ ಅದು ಇನ್ನೂ ಬಿಸಿ. "ಬೋರ್ಡ್ ಹಾಕಿ ಅಂದ್ರೆ ಹಾಕ್ತೀನಿ ಮೇಡಂ. ಆದ್ರೆ ಮೊದ್ಲು ಒಂದ್ ತಂಪಾದ ರೂಮಲ್ಲಿ ಮೇಜಿನ್ ಮೇಲಿಟ್ಟು ನೋಡಿ."

ನಮ್ಮ ಮನೆಯಲ್ಲಿ ತಂಪಾದ ಕೋಣೆ ಇಲ್ಲದೆ ಇಲ್ಲ. ಅದರಲ್ಲಿ ರೇಷ್ಮೆಹುಳುಗಳಿವೆ. ಅವಕ್ಕೆ ಕಿಟಕಿಗೆ ಒದ್ದೆ ಗೋಣಿತಾಟು, ಮೇಲೊಂದು ಫ್ಯಾನು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತಾಗ ಯಾರಾದರೂ ಬಾಗಿಲನ್ನು ದಢಾರನೆ ಹಾಕಿದರೂ ಅತ್ತೆಯ ಕಣ್ಣು ಕೆಂಪಗಾಗುತ್ತದೆ. ನಾವು ಮನುಷ್ಯರು ನಡುಮನೆಯಲ್ಲಿ ಮಲಗುತ್ತೇವೆ. ನಾನು ಕೆಲಸಕ್ಕೆ ಕೂರುವುದು ಒಲೆಯ ಪಕ್ಕ, ಮಿಕ್ಸಿಯ ಪ್ಲಗ್ಗಿನ ಹತ್ತಿರ. ಚಟ್ನಿ ರುಬ್ಬಬೇಕಾದರೆ ಚಾರ್ಜರ್ ಕೀಳಬೇಕು.

ಅವತ್ತು ಊಟಕ್ಕೆ ಕೂತಾಗ ಎಲ್ಲವನ್ನೂ ಬಿಡಿಸಿ ಹೇಳಿ, ಆ ಕೋಣೆಯ ಒಂದು ಮೂಲೆ ಕೇಳಿದೆ. ಒಂದು ಮೇಜು ಹಿಡಿಸುವಷ್ಟು. ಅತ್ತೆ ಒಪ್ಪಲಿಲ್ಲ. ಮೆಷಿನ್ನಿನ ಬಿಸಿ ಹುಳುವಿಗೆ ಆಗುವುದಿಲ್ಲ, ಬೆಳೆ ಕೆಟ್ಟರೆ ಯಾರು ಹೊಣೆ ಅಂದರು. ಮನೆ ನಡೆಯುವುದು ಆ ಬೆಳೆಯಿಂದಲೇ, ಅವರ ಭಯ ಸುಳ್ಳಲ್ಲ. ಹಾಗಾದರೆ ಒಂದು ಬೆಳೆ ಮುಗಿದು ಇನ್ನೊಂದು ಬರುವವರೆಗಾದರೂ ಕೊಡಿ ಅಂದೆ. ಆಗ ಔಷಧಿ ಹೊಡೆದು ಬಾಗಿಲು ಮುಚ್ಚಿಡಬೇಕಂತೆ. ಸುತ್ತಿ ಬಳಸಿ ಎಲ್ಲಿಂದ ಬಂದರೂ ನನಗೆ ಅದೇ ಒಲೆ.

ನನ್ನ ಗಂಡ ಅಷ್ಟು ಹೊತ್ತೂ ಉಣ್ಣುತ್ತಾ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಬಹಳ ಪ್ರೀತಿಯಿಂದಲೇ ಅಂದರು, "ರೂಮ್ ಒಂದ್ ಬಿಟ್ಟು ಬೇರೇನ್ ಬೇಕಾದ್ರೂ ಕೇಳು ಕಣೇ. ಆ ಬೋರ್ಡಿಗೆ ದುಡ್ಡು ನಾನ್ ಕೊಡ್ತೀನಿ."

ಬೋರ್ಡು ಹಾಕಿದರೆ ಏನೂ ಪ್ರಯೋಜನವಿಲ್ಲ ಎಂದು ಆಗಷ್ಟೇ ಹೇಳಿ ಮುಗಿಸಿದ್ದೆ. ಕೇಳಿಸಿಕೊಂಡೇ ಕೊಡಲು ಹೊರಟಿದ್ದರು. ಬೇಡದ ವಸ್ತುವಿಗೆ ಅಷ್ಟು ದುಡ್ಡು ಸುರಿಯಬಹುದು, ನನಗೊಂದು ಮೇಜಿನಗಲ ಜಾಗ ಮಾತ್ರ ಕೊಡಲಾಗದು. ಆ ಸಿಟ್ಟಿನಲ್ಲಿ ತಟ್ಟೆ ಪಕ್ಕಕ್ಕೆ ಸರಿಸಿದೆ.

"ಸರಿ, ದುಡ್ಡೇ ಕೊಡಿ. ಅದ್ರಲ್ಲಿ ರೂಮ್ ಮಾಡ್ಕೋತೀನಿ," ಅಂದೆ.

ತಮಾಷೆ ಅಂದುಕೊಂಡಿದ್ದರೇನೋ. ಬಸ್ ಸ್ಟಾಪಿನ ಹಿಂದೆ ಖಾಲಿ ಬಿದ್ದಿದ್ದ ಒಂದು ಪುಟ್ಟ ತಂಪಾದ ಕೋಣೆಗೆ ಅವರು ಕೊಟ್ಟ ದುಡ್ಡಿನಲ್ಲೇ ಅಡ್ವಾನ್ಸ್ ಕೊಟ್ಟು ಬಂದ ಮೇಲೆ ಅವರ ಮುಖ ನೋಡಬೇಕಿತ್ತು.

"ಸ್ವಂತ ಮನೆ ಇಟ್ಕೊಂಡು ಬಾಡಿಗೆ ರೂಮಾ? ನೋಡಿದೋರು ಏನಂತಾರೆ?"

"ಒಲೆ ಪಕ್ಕ ಬೆವರ್ತಾ ಕೂತಿದ್ದಾಗ ಯಾರೂ ನೋಡ್ಲಿಲ್ವಲ್ಲ ರೀ."

ಚಿಂತಾಮಣಿಯ ಆಲ್ಬಮ್ ಆ ಕೋಣೆಯಲ್ಲಿ, ಅದೇ ಹಳೆಯ ಪ್ರೊಸೆಸರಿನಲ್ಲಿ, ಹೇಳಿದ ಹೊತ್ತಿಗೆ ಮುಗಿಯಿತು. ಕೆಲಸವೂ ಉಳಿಯಿತು. ಸಂತೋಷಪಡಬೇಕು, ಪಡುತ್ತೇನೆ ಕೂಡ. ಆದರೆ ತಿಂಗಳು ತಿಂಗಳು ಬಾಡಿಗೆ ಎಣಿಸಿ ಕೊಡುವಾಗ ಹೊಟ್ಟೆ ಉರಿಯುವುದು ಮಾತ್ರ ನಿಂತಿಲ್ಲ. ನನ್ನ ಮನೆ ಅಂತ ನಾನು ದಿನಾ ಗುಡಿಸಿ ಸಾರಿಸುವ ಮನೆಯಲ್ಲಿ ನನಗೆ ಸಿಗದ ಜಾಗಕ್ಕೆ, ಯಾರೋ ಗುರುತಿಲ್ಲದವರಿಗೆ ದುಡ್ಡು ಕಟ್ಟುತ್ತಿದ್ದೇನೆ.