ಗೇಟ್‌ಪಾಸ್ ಇಲ್ಲದ ಗಡಿಯಾರ

ಕರಿಯಯ್ಯನ ಗೇಟಿನಿಂದ ಇರುವೆ ಆಚೆ ಹೋಗಬೇಕಾದರೂ ಚೀಟಿ ಬೇಕು ಎಂದು ತಾಂಡವಪುರದ ಕಡೆ ಜನ ಆಡಿಕೊಳ್ಳುತ್ತಿದ್ದರು. ಆಡಿಕೊಂಡವರಲ್ಲಿ ಅವನ ಹೆಂಡತಿ ಮುದ್ದಮ್ಮನೇ ಮೊದಲಿಗಳು. ತವರಿಗೆ ಹೊರಟರೆ ಯಾವಾಗ ಬತ್ತೀಯ, ಕೈಚೀಲದಲ್ಲಿ ಏನದೆ ಎಂದು ಹೊಸ್ತಿಲಲ್ಲೇ ವಿಚಾರಣೆ ಮಾಡುವ ಗಂಡನ ಜೊತೆ ಇಪ್ಪತ್ತೈದು ವರ್ಷ ಬಾಳಿದವಳಿಗೆ ಅಷ್ಟು ಹೇಳುವ ಹಕ್ಕಿತ್ತು.

ಸೋಸಲೆಯ ಕರಿಯಯ್ಯ 1981ರಲ್ಲಿ ಇಲ್ಲಿಗೆ ಬಂದದ್ದು ಪಾಯ ತೋಡುವ ಕೂಲಿಗೆ. ನಂಜನಗೂಡು ರಸ್ತೆಯ ಪಕ್ಕ ಔಷಧಿ ಬಾಟಲಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಫ್ಯಾಕ್ಟರಿ ಏಳುತ್ತಿತ್ತು. ಗೋಡೆ ಎದ್ದು ಗೇಟು ಕೂತ ಸಂಜೆ ಕೂಲಿಯವರೆಲ್ಲ ಮನೆಗೆ ಹೊರಟರೆ ಇವನೊಬ್ಬ ಗೇಟಿಗೆ ಅಡ್ಡ ನಿಂತು, ಒಂದು ಗುದ್ದಲಿ ಕಾಣ್ತಿಲ್ಲ, ಅದು ಸಿಗೋಗಂಟ ಯಾರೂ ಕದಲಂಗಿಲ್ಲ ಅಂದ. ನಿಲ್ಲು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಗುದ್ದಲಿ ಸಿಕ್ಕಿತು, ಮೇಸ್ತ್ರಿಯ ಸೈಕಲ್ಲಿನಲ್ಲಿ. ಮಾರನೆಯ ದಿನ ಧಣಿಗಳು ಕರೆಸಿ ಖಾಕಿ ಷರಟು ಕೊಟ್ಟರು. ಆಮೇಲೆ ಅದೇ ಧಣಿಗಳ ಭಾವಮೈದ ಒಂದು ಹಿಡಿ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು ಹೊರಟಾಗ, ಚೀಟಿ ಬರುವವರೆಗೆ ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದೂ ಇವನೇ. ಧಣಿಗಳು ಬೈಯಲಿಲ್ಲ, ಹೊಗಳಲೂ ಇಲ್ಲ. ಗೇಟಿನ ರಿಜಿಸ್ಟರಿಗೆ ಪುಟಪುಟಕ್ಕೂ ನಂಬರು ಹಾಕಿಸಿ, ತಿಂಗಳಿಗೊಮ್ಮೆ ಅದು ಮೈಸೂರಿನ ಹೆಡ್ಡಾಫೀಸಿಗೆ ಬರಬೇಕು ಎಂದು ಹುಕುಂ ಮಾಡಿದರು. ಆ ರಿಜಿಸ್ಟರಿನಲ್ಲಿ ಇಪ್ಪತ್ತನಾಲ್ಕು ವರ್ಷದಲ್ಲಿ ಕರಿಯಯ್ಯನದು ಒಂದೇ ಒಂದು ತಪ್ಪು ಇರಲಿಲ್ಲ. ಅವನೇ ಬರೆಯುತ್ತಿದ್ದದ್ದರಿಂದ ಅದೇನು ಅಂಥ ದೊಡ್ಡ ವಿಷಯವಲ್ಲ ಎನ್ನುವವರೂ ಇದ್ದರು.

ಸೈರನ್ನೂ ಅವನ ಕೈಯಲ್ಲೇ ಇತ್ತು. ಮೊದಲೆಲ್ಲ ರೇಡಿಯೋದ ವಾರ್ತೆಗೆ ಮುಂಚೆ ಬರುವ ಪೀಂ ಪೀಂ ಕೇಳಿ ಗೋಡೆ ಗಡಿಯಾರ ಸರಿಮಾಡಿ ಎಂಟಕ್ಕೆ ಒತ್ತುತ್ತಿದ್ದ. ಸುತ್ತಲಿನ ಜನ ಅದಕ್ಕೇ ತಮ್ಮ ವಾಚು ತಿರುವಿಕೊಳ್ಳುತ್ತಿದ್ದರು. ಎರಡು ಸಾವಿರದ ನಾಲ್ಕರಲ್ಲಿ ಗೇಟಿನ ರೂಮಿಗೆ ಹಾಜರಿಯ ಕಂಪ್ಯೂಟರು ಬಂತು. ಕೆಲಸಗಾರರು ಕಾರ್ಡು ತೋರಿಸಿದರೆ ಅದು ಟೈಮು ಬರೆದುಕೊಳ್ಳುತ್ತದೆ. ಗೋಡೆ ಗಡಿಯಾರ ಇಳಿಯಿತು, ರೇಡಿಯೋ ಮೂಲೆ ಸೇರಿತು. ಇನ್ನು ಸೈರನ್ನೂ ಕಂಪ್ಯೂಟರಿನ ಟೈಮಿಗೇ ಆಗಬೇಕು ಎಂದರು. ಕರಿಯಯ್ಯ ಹಾಗೇ ಮಾಡಿದ.

ಆ ವರ್ಷ ದಸರಾ ಕಳೆದ ವಾರ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ನಂಜನಗೂಡಿನಿಂದ ಗುರುಪ್ರಸಾದ್ ಎಂಬ ಕಂಪ್ಯೂಟರ್ ರಿಪೇರಿಯವನು ಬಂದು ಅದನ್ನು ತೊಳೆದು ಬಳಿದು, ಕಾವಲಿಗೆ ಒಂದು ಸಾಫ್ಟ್‌ವೇರ್ ಹಾಕಿದ. ಹಾಕಿ, ಗೇಟಿನಲ್ಲಿ ಕೂರುವವನಿಗೆ ತಿಳಿಯುವ ಹಾಗೆ ಹೇಳಿದ:

"ನೋಡಿ ಕರಿಯಯ್ಯ, ಇದೂ ನಿಮ್ಮ ಥರಾನೇ ಒಬ್ಬ ವಾಚ್‌ಮನ್ನು. ಒಳಗಿರೋನು ಯಾರಾದ್ರೂ ಆಚೆ ಹೋಗ್ತೀನಿ ಅಂದ್ರೆ ಇಲ್ಲೊಂದು ಡಬ್ಬಿ ಬಂದು ನಿಮ್ಮನ್ನ ಕೇಳುತ್ತೆ. ಗೊತ್ತಿರೋನಾದ್ರೆ ಹಸಿರು ಒತ್ತಿ, ಗೊತ್ತಿಲ್ದೋನಾದ್ರೆ ಕೆಂಪು."

ಇಷ್ಟು ವರ್ಷದಲ್ಲಿ ಓದಿದವನೊಬ್ಬ ತನ್ನ ಭಾಷೆಯಲ್ಲಿ ಮಾತಾಡಿದ್ದು ಇದೇ ಮೊದಲು ಅನ್ನಿಸಿ ಕರಿಯಯ್ಯನಿಗೆ ಎದೆ ತುಂಬಿ ಬಂತು. "ನೀವ್ ನಿಸೂರಾಗಿ ಓಗಿ ಸಾ. ಒಂದ್ ಸೊಳ್ಳೆ ಆಚೆ ಓದ್ರೆ ಕೇಳಿ" ಅಂದ.

ಅವನಿಗೆ ಬರುತ್ತಿದ್ದ ಇಂಗ್ಲಿಷು ಲಾರಿ ನಂಬರು ಓದುವಷ್ಟು. ಆದ್ದರಿಂದ ಕಂಪ್ಯೂಟರಿನ ಒಳಗೆ ಅವನಿಗೆ ಗೊತ್ತಿರುವವರು ಯಾರೂ ಇರಲಿಲ್ಲ. ಎಲ್ಲರಿಗೂ ಕೆಂಪು ಬಿತ್ತು. ಮಿಕ್ಕವರು ಒಂದೆರಡು ಸಲ ಕೇಳಿ ಸುಮ್ಮನಾದರು. ಒಬ್ಬ ಮಾತ್ರ ಭಂಡ, ಪ್ರತಿ ಭಾನುವಾರ ಬೆಳಿಗ್ಗೆ ಹತ್ತರ ಆಸುಪಾಸಿಗೆ ಹಾಜರಾಗುತ್ತಿದ್ದ. ರಜೆಯ ದಿನ ಯಾರೂ ಇಲ್ಲದ ಹೊತ್ತು ನೋಡಿ ಬರುತ್ತಾನಲ್ಲ, ಕಳ್ಳನಲ್ಲದೆ ಇನ್ನೇನು! ಕರಿಯಯ್ಯ ಅವನಿಗಾಗಿಯೇ ಕಾದು ಕೂತು, "ಬಂದೇನ್ಲಾ? ಓಗ್ಲಾ ಒಳಕ್ಕೆ" ಎಂದು ಕೆಂಪು ಒತ್ತುತ್ತಿದ್ದ. ಈ ಸಾಹಸವನ್ನು ಕ್ಯಾಂಟೀನಿನಲ್ಲಿ ಹೇಳಿಕೊಂಡು ತಿರುಗಿದ್ದೂ ಉಂಟು.

ಸಂಕ್ರಾಂತಿ ಕಳೆದ ಮೇಲೆ ಹೊಸ ತಲೆನೋವು ಶುರುವಾಯಿತು. ತಗಡೂರಿನ ಕಡೆಯಿಂದ ಬಸ್ಸಿನಲ್ಲಿ ಬರುವ ನಾಲ್ಕೈದು ಜನ ಲೇಟಾಗತೊಡಗಿದರು. ಎಂಟರ ಮೇಲೆ ಹತ್ತು ನಿಮಿಷದವರೆಗೆ ಕಂಪ್ಯೂಟರು ಸಹಿಸಿಕೊಳ್ಳುತ್ತಿತ್ತು, ಅದಾದ ಮೇಲೆ ಕೊಯ್ಯೋ ಎಂದು ಕೂಗುತ್ತಿತ್ತು. ಕೂಗಿದವರ ಹೆಸರನ್ನು ಕರಿಯಯ್ಯ ಕೆಂಪು ಶಾಯಿಯಲ್ಲಿ ರಿಜಿಸ್ಟರಿಗೆ ಏರಿಸಬೇಕು. ಖಾಯಮ್ಮಾದವರಿಗೆ ಲೇಟು ಅಂದರೆ ಒಂದು ಬೈಗುಳ ಅಷ್ಟೆ. ಆದರೆ ಪ್ಯಾಕಿಂಗಿನ ಪವಿತ್ರ ಇನ್ನೂ ಖಾಯಂ ಆಗಿರಲಿಲ್ಲ. ಆರು ವರ್ಷ ದಿನಗೂಲಿ ಮಾಡಿ ಈ ಯುಗಾದಿಗೆ ಅವಳ ಹೆಸರು ಪಟ್ಟಿಗೆ ಬರುವುದಿತ್ತು. ವರ್ಷದಲ್ಲಿ ಮೂರು ಸಲ ಲೇಟಾದರೆ ಪಟ್ಟಿಯಿಂದ ಹೆಸರು ಕಿತ್ತುಹಾಕುವುದು ಕಂಪನಿಯ ಕಾನೂನು. ಫೆಬ್ರವರಿಯ ಮೂರನೆಯ ವಾರಕ್ಕೆ ಅವಳದು ಮೂರೂ ಆಯಿತು.

"ಅಣ್ಣ, ಬಸ್ಸು ದಿನಾ ಬರೋ ಟೈಮ್ಗೇ ಬಂದದೆ. ಡ್ರೈವರಣ್ಣನ್ನ ಕೇಳ್ದೆ, ಎಂಟಾಗಕೆ ಇನ್ನೂ ಎಂಟ್ ನಿಮ್ಸ ಅದೆ ಅಂದ" ಎಂದಳು ಪವಿತ್ರ.

"ಡ್ರೈವರ್ ವಾಚು ದೊಡ್ದೊ, ಕಂಪ್ಯೂಟ್ರು ದೊಡ್ದೊ? ಈ ಊರೋರೆಲ್ಲ ಸರ್ಯಾಗ್ ಬರ್ತಾವ್ರಲ್ಲ, ನಿಮ್ಮೂರೋರಿಗ್ ಮಾತ್ರ ಏನ್ ಬಂದದೆ? ಎಂಟ್ ಗಂಟೆ ಅಂದ್ರೆ ಏಳೂವರೆಗೇ ಇಲ್ಲಿರಬೇಕು ಕಣವ್ವ."

"ಅದಕ್ಕಿಂತ ಮುಂಚೆ ಬಸ್ಸೇ ಇಲ್ವಲ್ಲಣ್ಣ."

ಕರಿಯಯ್ಯ ಕೆಂಪು ಪೆನ್ನು ಕೈಗೆತ್ತಿಕೊಂಡ. ಬರೆದ. ಅವಳು ಅಳುತ್ತಾ ಒಳಗೆ ಹೋದಳು. ಅವನಿಗೂ ಸಂಕಟವಾಯಿತು, ಆದರೆ ಸಂಕಟಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಆ ಶನಿವಾರ ರಜೆ ಹಾಕಿ ನರಸೀಪುರದಲ್ಲಿದ್ದ ಅಕ್ಕ ದೇವೀರಮ್ಮನ ಮನೆಗೆ ಹೋದ. ಬೆಳಿಗ್ಗೆ ಅಡುಗೆಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ವಾರ್ತೆಗೆ ಮುಂಚಿನ ಪೀಂ ಪೀಂ ಕೇಳಿ ಹಳೆಯ ಅಭ್ಯಾಸಕ್ಕೆ ಕೈಗಡಿಯಾರ ನೋಡಿಕೊಂಡ. ಇಪ್ಪತ್ತು ನಿಮಿಷ ಮುಂದಿತ್ತು.

"ಅಲಲಲಾ, ಆಕಾಸವಾಣಿಯೋರೂ ಲೇಟಾಗ್ ಬರ್ತಾವ್ರಲ್ಲಕ್ಕ!"

"ಅದೇನ್ ನಿನ್ ಗೇಟಲ್ ನಿಂತದಾ ಲೇಟಾಗಕೆ? ನಿನ್ ವಾಚ್ ಕೆಟ್ಟದೆ, ಸುಮ್ಕೆ ರೊಟ್ಟಿ ತಿನ್ಲಾ" ಅಂದಳು ದೇವೀರಮ್ಮ.

ವಾಚು ಕೆಟ್ಟಿರಲಿಲ್ಲ. ಅದನ್ನು ಅವನು ತಿರುವುತ್ತಿದ್ದದ್ದು ಸೈರನ್ನಿಗೆ. ಸೈರನ್ನು ಆಗುತ್ತಿದ್ದದ್ದು ಕಂಪ್ಯೂಟರಿಗೆ. ತಾಂಡವಪುರದವರು ಸರಿಯಾಗಿ ಬರುತ್ತಿದ್ದದ್ದು ಅದೇ ಸೈರನ್ ಕೇಳಿಕೊಂಡು. ತಗಡೂರಿಗೆ ಸೈರನ್ ಕೇಳಿಸುವುದಿಲ್ಲ. ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಸಂಜೆಯ ಬಸ್ಸಿಗೆ ಹೊರಡಬೇಕಾದವನು ಒಂಬತ್ತರ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮೂರು ಕೆಂಪು ಸಾಲುಗಳೇ ಕಣ್ಣಮುಂದೆ ಬಂದವು.

ಫೋನು ಮಾಡಿಸಿದ್ದಕ್ಕೆ ಗುರುಪ್ರಸಾದ್ ಬಂದ. ಕಂಪ್ಯೂಟರಿನ ಮುಂದೆ ಕೂತು ಏನೇನೋ ಕುಟ್ಟಿದ. ಈ ಗಡಿಯಾರ ದಿನಕ್ಕೆ ಹತ್ತು ಸೆಕೆಂಡು ಮುಂದೆ ಓಡುತ್ತದೆ, ಅದೇನು ಮಹಾ ಅಲ್ಲ ಅಂದ. ಎಲ್ಲ ಕಂಪ್ಯೂಟರಿನದೂ ಹಿಂದೆ ಮುಂದೆ ಆಗುವುದೇ. ಅದಕ್ಕೇ ವಾರಕ್ಕೊಂದು ಸಲ ಇಂಟರ್‌ನೆಟ್ಟಿಗೆ ಹೋಗಿ ಸರಿಯಾದ ಟೈಮು ಕೇಳಿಕೊಂಡು ಬಂದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಇದು ಮಾತ್ರ ಹದಿನೆಂಟು ವಾರದಿಂದ ಹೋಗಿಲ್ಲ. ಕಾವಲಿನ ಸಾಫ್ಟ್‌ವೇರಿನ ಪಟ್ಟಿ ತೆಗೆದ. ತಡೆದವರ ಸಾಲು ಬಂತು. ಒಂದೇ ಹೆಸರು, ಹದಿನೆಂಟು ಸಲ, ಹದಿನೆಂಟು ಭಾನುವಾರ.

"ಪಾಪ, ಅರ್ಧ ಸೆಕೆಂಡಿನ ಕೆಲಸಕ್ಕೆ ಹೋಗಿಬರ್ತೀನಿ ಅಂತ ಪ್ರತಿ ವಾರ ಕೇಳಿದೆ. ಯಾವನ್ರೀ ಇದನ್ನ ತಡೆದೋನು?"

ಕರಿಯಯ್ಯ ಒಂದು ಹೆಜ್ಜೆ ಮುಂದೆ ಬಂದ. "ನಾನೇ ಸಾ" ಅಂದ.

ಗುರುಪ್ರಸಾದ್ ನಕ್ಕು ನಕ್ಕು ಕೆಮ್ಮಿದ. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿ ಹಸಿರು ಒತ್ತಿದ. ಕಂಪ್ಯೂಟರು ಇಪ್ಪತ್ತೊಂದು ನಿಮಿಷ ಹಿಂದಕ್ಕೆ ಹಾರಿ ಸರಿಯಾಗಿ ಕೂತಿತು.

ಕಂಪ್ಯೂಟರು ಸರಿಹೋಯಿತು, ಪವಿತ್ರ ಸರಿಹೋಗಬೇಕಲ್ಲ. ಕರಿಯಯ್ಯ ನೇರ ಪರ್ಸೊನೆಲ್ ಆಫೀಸರ್ ಸಿದ್ದಮಲ್ಲಪ್ಪನವರ ಕೋಣೆಗೆ ಹೋಗಿ ಎಲ್ಲ ಹೇಳಿದ. ಸಿದ್ದಮಲ್ಲಪ್ಪ ಕೆಟ್ಟವರಲ್ಲ, ಪುಕ್ಕಲರು. ಲೇಟು ರದ್ದು ಮಾಡಬೇಕಾದರೆ ಹೆಡ್ಡಾಫೀಸಿಗೆ ಬರೆಯಬೇಕು. ಬರೆದರೆ ನಾಲ್ಕು ತಿಂಗಳು ಕಾರ್ಖಾನೆಯ ಗಡಿಯಾರ ತಪ್ಪಿತ್ತೆಂದು ಒಪ್ಪಿಕೊಂಡಂತೆ. ಸಂಜೆ ಎಲ್ಲರೂ ಇಪ್ಪತ್ತು ನಿಮಿಷ ಮುಂಚೆ ಮನೆಗೆ ಹೋಗುತ್ತಿದ್ದದ್ದೂ ಆಚೆ ಬರುತ್ತದೆ. ಅದರ ಬಗ್ಗೆ ಒಬ್ಬ ಮಹಾನುಭಾವನೂ ದೂರು ಕೊಟ್ಟಿರಲಿಲ್ಲ, ಸಿದ್ದಮಲ್ಲಪ್ಪನವರೂ ಸೇರಿ.

"ಗಡಿಯಾರ ಸರಿ ಆಯ್ತಲ್ಲ, ಬಿಡು ಕರಿಯಯ್ಯ. ಆ ಹುಡುಗೀದು ಮುಂದಿನ ವರ್ಷ ನೋಡೋಣ. ನಿನ್ನ ರಿಟೈರ್ಮೆಂಟಿಗೆ ಎರಡು ವರ್ಷ ಐತೆ. ಈ ವಯಸ್ಸಲ್ಲಿ ಮೆಮೊ ಯಾಕೆ ತಗೋತೀಯ?"

ಕರಿಯಯ್ಯನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಇಪ್ಪತ್ತನಾಲ್ಕು ವರ್ಷದ ಹೆಸರು. ಗೇಟಿನ ರೂಮಿಗೆ ಬಂದು ಒಂದು ಲೋಟ ನೀರು ಕುಡಿದ. ತಡೆದವನು ತಾನು, ಲೇಟೆಂದು ಬರೆದವನೂ ತಾನು. ಆ ಹುಡುಗಿ ಮಾಡಿದ ತಪ್ಪು ಅಂದರೆ ಸೈರನ್ ಕೇಳಿಸದ ಊರಲ್ಲಿ ಹುಟ್ಟಿದ್ದು. ಪೆನ್ನು ತೆಗೆದು, ಕೆಂಪು ಶಾಯಿಯಲ್ಲೇ, ದೊಡ್ಡದಾಗಿ ಬರೆದ:

"ಕಂಪ್ಯೂಟರಿನ ಗಡಿಯಾರ ಸರಿಯಾದ ಟೈಮು ಕೇಳಿಬರಲು ಹದಿನೆಂಟು ಸಲ ಅಪ್ಪಣೆ ಕೇಳಿತು. ಹದಿನೆಂಟು ಸಲವೂ ನಾನು ಬಿಡಲಿಲ್ಲ. ತಪ್ಪು ನನ್ನದು. ಲೇಟಾದದ್ದು ಪವಿತ್ರ ಅಲ್ಲ. ಸಹಿ, ಕರಿಯಯ್ಯ, ವಾಚ್‌ಮನ್."

ಸುದ್ದಿ ತಿಳಿದು ಸಿದ್ದಮಲ್ಲಪ್ಪ ಪಂಚೆ ಎತ್ತಿಕಟ್ಟಿದವರ ಹಾಗೆ ಓಡಿಬಂದರು. ಪ್ಯಾಂಟು ಹಾಕಿದ್ದರು ಅನ್ನುವುದು ಬೇರೆ ಮಾತು.

"ಕೊಡಯ್ಯ ಆ ರಿಜಿಸ್ಟರು, ನನ್ನ ರೂಮಿಗೆ ಬೇಕು."

"ಗೇಟಿನ ರಿಜಿಸ್ಟರು ಗೇಟ್ ಬಿಟ್ಟು ಓಗ್ಬೇಕು ಅಂದ್ರೆ ಚೀಟಿ ಬೇಕು ಸಾ. ಎರಡ್ ಸೈನು. ಒಂದ್ ನಿಮ್ದು, ಒಂದ್ ವಾಚ್‌ಮನ್ದು."

"ಹಾಕು ಮತ್ತೆ!"

"ನಾ ಆಕಲ್ಲ ಸಾ."

ಸಿದ್ದಮಲ್ಲಪ್ಪ ಪುಟದ ನಂಬರು ನೋಡಿದರು, ಕರಿಯಯ್ಯನ ಮುಖ ನೋಡಿದರು. ಹಾಳೆ ಹರಿಯುವ ಹಾಗಿಲ್ಲ, ಆಳನ್ನು ಜರುಗಿಸುವ ಹಾಗಿಲ್ಲ. ತಿಂಗಳ ಕೊನೆಗೆ ರಿಜಿಸ್ಟರು ಮೈಸೂರಿಗೆ ಹೋಯಿತು. ಕರಿಯಯ್ಯನಿಗೆ ಮೆಮೊ ಬಂತು, ಜೀವಮಾನದ ಮೊದಲನೆಯದು. ಮುದ್ದಮ್ಮ ಅದನ್ನು ಓದಿಸಿಕೊಂಡು, "ಅಂತೂ ನಿನ್ನೂ ಇಡ್ಯೋರು ಒಬ್ರು ಅವ್ರೆ ಅಂತಾಯ್ತು" ಎಂದು ಆ ದಿನ ಕೋಳಿ ಮಾಡಿದಳು. ಪವಿತ್ರಳ ಮೂರೂ ಲೇಟು ರದ್ದಾದವು. ಯುಗಾದಿಯ ಪಟ್ಟಿಯಲ್ಲಿ ಅವಳ ಹೆಸರು ಐದನೆಯದಾಗಿ ಬಂತು.

ಇನ್ನು ಆ ಡಬ್ಬಿ ಬರದ ಹಾಗೆ ಮಾಡಿಬಿಡುತ್ತೇನೆ, ಗಡಿಯಾರ ತನ್ನ ಪಾಡಿಗೆ ಹೋಗಿಬರುತ್ತದೆ ಎಂದು ಗುರುಪ್ರಸಾದ್ ಹೇಳಿದ್ದ. ಕರಿಯಯ್ಯ ಸುತರಾಂ ಒಪ್ಪಲಿಲ್ಲ. "ಕೇಳ್ಲಿ ಸಾ. ಕೇಳ್ದಲೆ ಓಗೋದು ಮರ್ಯಾದೆ ಅಲ್ಲ." ಅಂದಿನಿಂದ ಪ್ರತಿ ಭಾನುವಾರ ಹಸಿರು ಒತ್ತಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ಹೆಸರು: ಗಡಿಯಾರ. ಕೆಲಸ: ಟೈಮು ಕೇಳುವುದು. ಹೋದದ್ದು: ಹತ್ತು ಗಂಟೆ. ಬಂದದ್ದು: ಹತ್ತು ಗಂಟೆ.

ಖಾಯಮ್ಮಾದ ಮೊದಲ ಬುಧವಾರ ಪವಿತ್ರ ಒಂದು ಡಬ್ಬಿ ಮೈಸೂರು ಪಾಕು ಹಿಡಿದುಕೊಂಡು ಓಡೋಡಿ ಬಂದಳು. ನಂಜನಗೂಡಿನಲ್ಲಿ ಇಳಿದು ಅಂಗಡಿ ತೆಗೆಸಿ ತಂದಿದ್ದಳು. ಮೊದಲ ತುಂಡು ಕರಿಯಯ್ಯನ ಬಾಯಿಗೇ ಇಟ್ಟಳು. ಅವನ ಕಣ್ಣಲ್ಲಿ ನೀರಾಡಿತು. ಅವಳು ಕಾರ್ಡು ತೋರಿಸಿದಳು. ಕಂಪ್ಯೂಟರು ಕೊಯ್ಯೋ ಎಂದಿತು. ಎಂಟು ಗಂಟೆ ಹದಿಮೂರು ನಿಮಿಷ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕರಿಯಯ್ಯ ಬಾಯಿಯ ತುಂಡನ್ನು ಪೂರ್ತಿ ನುಂಗಿ, ಬೆರಳು ಒರೆಸಿಕೊಂಡು, ಕೆಂಪು ಪೆನ್ನಿನ ಮುಚ್ಚಳ ತೆಗೆದ.

"ಅಣ್ಣಾ! ಟೈಮು ಸರ್ಯಾಗದಾ, ಒಂದ್ಸಲ ನೋಡಣ್ಣ!"

"ಸರ್ಯಾಗದೆ ಕಣವ್ವ" ಎಂದ ಕರಿಯಯ್ಯ, ಅವಳ ಹೆಸರು ಬರೆಯುತ್ತ. "ಭಾನ್ವಾರ ನಾನೇ ಕಳ್ಸಿದ್ದೆ, ಕೇಳ್ಕಂಡ್ ಬಂದವ್ನೆ."